ಹೆಸರು ಹೇಳದವನ ಅರ್ಜಿ, ಹೆಸರು ಬಿಟ್ಟುಹೋದವಳ ಹೊಲ

ತೀರಿಕೊಂಡವರ ಹೊಲಕ್ಕೆ ವಾರಸಾ ಹಚ್ಚುವಾಗ ನಡೆಯುವ ಮೋಸವನ್ನು ಊರವರು ಕಣ್ಣಾರೆ ಕಂಡೂ ಏಕೆ ಸುಮ್ಮನಿರುತ್ತಾರೆ ಎಂಬ ಪ್ರಶ್ನೆಗೆ ಕಚೇರಿಗಳಲ್ಲಿ ಒಂದು ಸಿದ್ಧ ಉತ್ತರವಿದೆ. ಜನರಿಗೆ ತಿಳುವಳಿಕೆ ಸಾಲದು, ಧೈರ್ಯ ಸಾಲದು ಎಂದು ಅಲ್ಲಿ ಹೇಳುತ್ತಾರೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರನ್ನು ತೆಗೆದುಕೊಳ್ಳಿರಿ. ಯಾವ ಮನೆಯ ಮಗಳನ್ನು ಸವದತ್ತಿಯ ಕಡೆಗೆ ಕೊಟ್ಟಿದೆ, ಯಾವ ಮನೆಯ ಸೊಸೆ ಗಂಡ ಸತ್ತ ಮೇಲೆ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು, ಯಾವ ಬದುವಿಗಾಗಿ ಅಣ್ಣತಮ್ಮಂದಿರು ಎಷ್ಟು ವರ್ಷ ಮಾತು ಬಿಟ್ಟಿದ್ದರು ಎಂಬುದೆಲ್ಲ ಕಟ್ಟೆಯ ಮೇಲೆ ಕುಳಿತ ಮುದುಕರಿಗೆ ಸರಕಾರದ ಗಣಕಯಂತ್ರಕ್ಕಿಂತ ಚೆನ್ನಾಗಿ ಗೊತ್ತು. ತಿಳುವಳಿಕೆಗೆ ಕೊರತೆಯಿಲ್ಲ. ತಿಳಿದದ್ದನ್ನು ಹೇಳಿದವನಿಗೆ ಆಸರೆಯಿಲ್ಲ. ಕೊರತೆ ಇರುವುದು ಅಲ್ಲಿ.

ದೊಡವಾಡದ ಹೆಸರನ್ನು ನಾವು ಹಿಡಿದದ್ದು ಅಲ್ಲಿ ಇಂಥಿಂಥವರು ಇಂಥ ಕೃತ್ಯ ಮಾಡಿದರೆಂದು ಹೇಳುವುದಕ್ಕಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರಿ ಭೂಮಿಯ ಊರುಗಳಿಗೆಲ್ಲ ಅನ್ವಯಿಸುವ ಮಾತನ್ನು ಯಾವುದಾದರೂ ಒಂದು ಊರಿನಲ್ಲಿ ನಿಂತು ಹೇಳಬೇಕಾಗುತ್ತದೆ. ಈ ಮಾತಿಗೆ ಈಗ ಅವಸರವೂ ಇದೆ. ರಾಜ್ಯದಲ್ಲಿ ಲಕ್ಷಗಟ್ಟಲೆ ಉತಾರಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲಿಯೇ ಉಳಿದಿರುವುದರಿಂದ ಅವನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನವನ್ನು ಕೈಗೊಂಡಿತು. ಕೆಲಸ ಒಳ್ಳೆಯದು, ಆಗಲೇಬೇಕಾದದ್ದು. ಆದರೆ ಎರಡು ಮೂರು ತಲೆಮಾರುಗಳಿಂದ ಬಾಕಿ ನಿಂತ ಲೆಕ್ಕವನ್ನು ಕೆಲವು ತಿಂಗಳಲ್ಲಿ ಮುಗಿಸಲು ಹೊರಟಾಗ ಒಂದು ಸುಳ್ಳು ವಂಶಾವಳಿ ಸಾವಿರ ನಿಜ ವಂಶಾವಳಿಗಳ ನಡುವೆ ಸುಲಭವಾಗಿ ದಾಟಿಹೋಗುತ್ತದೆ. ಇಂದು ದಾಟಿಹೋದದ್ದನ್ನು ನಾಳೆ ಹಿಂದಕ್ಕೆ ತರಬೇಕಾದರೆ ಬಡವಳ ಆಯುಷ್ಯವೆಲ್ಲ ದಿವಾಣಿ ಕೋರ್ಟಿನ ಕಟ್ಟೆಯ ಮೇಲೆ ಕಳೆಯಬೇಕಾಗುತ್ತದೆ.

ಮೋಸದ ಬಗೆಗಳು

ಈ ಮೋಸಕ್ಕೆ ಬಹಳ ಜಾಣತನ ಬೇಕಾಗಿಲ್ಲ. ಎಲ್ಲಕ್ಕೂ ಸುಲಭವಾದದ್ದು ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡುವುದು. ನಾಲ್ವರು ಮಕ್ಕಳಿದ್ದಲ್ಲಿ ಇಬ್ಬರು ಗಂಡುಮಕ್ಕಳನ್ನು ತೋರಿಸಿ, ಪಂಚರ ಸಹಿ ಹಾಕಿಸಿ, ವರದಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಎರಡನೆಯದು, ದುಃಖದ ದಿನಗಳಲ್ಲಿ ವಿಧವೆಯಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಪಿಂಚಣಿಯ ಕಾಗದ ಎಂದು ಹೇಳಿ ಹಕ್ಕು ಬಿಟ್ಟ ಪತ್ರಕ್ಕೆ ಒತ್ತಿಸಿಕೊಳ್ಳುತ್ತಾರೆ. ಮೂರನೆಯದು, ಸತ್ತವನು ಬದುಕಿದ್ದಾಗ ಯಾರೂ ಕೇಳದಿದ್ದ ಮೃತ್ಯುಪತ್ರ ಅವನು ಮಣ್ಣಾದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬರುವುದು. ನಾಲ್ಕನೆಯದು, ಹಿಂದಿನ ತಾರೀಖು ಹಾಕಿದ ದತ್ತಕ ಪತ್ರ. ಐದನೆಯದು, 1974ರ ಭೂಸುಧಾರಣೆಯ ಮೇಲೆ ಇಡೀ ಮನೆತನದ ಪರವಾಗಿ ಹಿರಿಯ ಮಗನ ಹೆಸರಿಗೆ ಬಂದ ಗೇಣಿ ಹೊಲವನ್ನು ಅವನ ಮಕ್ಕಳು ತಮ್ಮೊಬ್ಬರದೇ ಎಂದು ಬರೆಸಿಕೊಳ್ಳುವುದು.

ಬದುಕಿದ್ದವನನ್ನೇ ಸತ್ತನೆಂದು ಬರೆಸುವುದೂ ಉಂಟು. ಉತ್ತರ ಪ್ರದೇಶದ ಆಜಮಗಡ ಜಿಲ್ಲೆಯ ಲಾಲ್ ಬಿಹಾರಿ ಎಂಬ ನೇಕಾರನನ್ನು ಆತನ ಬಳಗದವರೇ ಹೊಲದ ಆಸೆಗಾಗಿ ಕಂದಾಯ ದಫ್ತರದಲ್ಲಿ ಸತ್ತವನನ್ನಾಗಿ ಮಾಡಿದ್ದರು. ತಾನು ಜೀವಂತವಿದ್ದೇನೆಂದು ಸರಕಾರಕ್ಕೆ ಒಪ್ಪಿಸಲು ಆ ಮನುಷ್ಯ 1994ರವರೆಗೆ, ಅಂದರೆ ಸುಮಾರು ಹದಿನೆಂಟು ವರ್ಷ ಹೋರಾಡಿದ. ತನ್ನಂತೆ ಕಾಗದದಲ್ಲಿ ಸತ್ತವರದೇ ಒಂದು ಸಂಘ ಕಟ್ಟಿದ. ಅವನ ಊರಿನಲ್ಲಿ ಅವನು ಬದುಕಿದ್ದಾನೆಂದು ಗೊತ್ತಿಲ್ಲದವರು ಯಾರಿದ್ದರು? ಊರಿಗೆಲ್ಲ ಗೊತ್ತಿದ್ದ ಸತ್ಯಕ್ಕೆ ಹದಿನೆಂಟು ವರ್ಷ ಸಾಕ್ಷಿ ಸಿಗಲಿಲ್ಲ. ನಾವು ಯೋಚಿಸಬೇಕಾದದ್ದು ಇದನ್ನೇ.

ಬಾಯಿ ಬಿಟ್ಟವನ ಗತಿ

ಸುಳ್ಳು ವಂಶಾವಳಿಗೆ ಸಹಿ ಹಾಕಲು ಐದು ಜನ ಪಂಚರು ಸಂಜೆಯೊಳಗೆ ಸಿಗುತ್ತಾರೆ. ಅದು ಸುಳ್ಳೆಂದು ಬರೆದುಕೊಡಲು ಒಬ್ಬನೂ ಸಿಗುವುದಿಲ್ಲ. ಇದರ ಕಾರಣವನ್ನು ಮನುಷ್ಯನ ಗುಣದಲ್ಲಿ ಹುಡುಕಬಾರದು, ಊರಿನ ಬದುಕಿನ ಕಟ್ಟಡದಲ್ಲಿ ಹುಡುಕಬೇಕು. ನಿಜ ಗೊತ್ತಿದ್ದವನು ಬಹುಮಟ್ಟಿಗೆ ಅದೇ ಮನೆಯ ಕೂಲಿಯವನು, ಅದೇ ಹೊಲವನ್ನು ಪಾಲಿಗೆ ಮಾಡಿದವನು, ಅದೇ ಓಣಿಯ ನೆರೆಯವನು. ಅವನ ಎತ್ತು ಅವರ ಬಾವಿಯಲ್ಲಿ ನೀರು ಕುಡಿಯುತ್ತದೆ. ಅವನ ಹೊಲಕ್ಕೆ ಹೋಗುವ ಗಾಡಿದಾರಿ ಅವರ ಹೊಲದೊಳಗಿಂದ ಹಾಯುತ್ತದೆ. ನೀರಲ್ಲಿದ್ದು ಮೊಸಳೆಯ ಕೂಡ ವೈರ ಕಟ್ಟಿಕೊ ಎಂದು ಅವನಿಗೆ ಹೇಳಲು ಪೇಟೆಯಲ್ಲಿ ಕುಳಿತ ನಮಗೆ ಏನು ಅಧಿಕಾರ? ಸಾವಕಾರನಿಗೆ ಹೆಸರು ಮುಚ್ಚಿಡುವ ಕಾರಣ ಬರುವುದೇ ಇಲ್ಲ. ಅವನು ನೆಟ್ಟಗೆ ಕಚೇರಿಗೆ ಹೋಗಿ ಕುರ್ಚಿಯ ಮೇಲೆ ಕುಳಿತು ತನ್ನ ಮಾತು ಹೇಳುತ್ತಾನೆ. ಹೆಸರು ಮುಚ್ಚಿಡುವ ಅಗತ್ಯ ಬೀಳುವುದು ದುಡಿದು ತಿನ್ನುವವನಿಗೆ ಮಾತ್ರ. ಆದ್ದರಿಂದ ಸಹಿಯಿಲ್ಲದ ಅರ್ಜಿಯನ್ನು ಕಂಡೊಡನೆ ಹೇಡಿಯ ಕೆಲಸವೆಂದು ಬುಟ್ಟಿಗೆ ಒಗೆಯುವ ಕಚೇರಿ ತಿಳಿದೋ ತಿಳಿಯದೆಯೋ ಬಲಾಢ್ಯನ ಪಕ್ಷ ಹಿಡಿದಂತಾಗುತ್ತದೆ.

ಇನ್ನು ಚಾಡಿಯ ಮಾತು. ಸುದ್ದಿ ಕೊಟ್ಟವನನ್ನು ನಮ್ಮ ಸೀಮೆ ಸುಲಭವಾಗಿ ಕ್ಷಮಿಸುವುದಿಲ್ಲ. ಅದಕ್ಕೆ ಇತಿಹಾಸದಲ್ಲಿ ಬೇರಿದೆ. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ನೋವು ಇಂದಿಗೂ ಲಾವಣಿಗಳಲ್ಲಿ ಹರಿಯುತ್ತದೆ. ಗುಟ್ಟು ಹೇಳಿದವರ ಮೇಲಿನ ಶಾಪವೂ ಅದರ ಕೂಡ ಹರಿಯುತ್ತದೆ. ಈ ನೆನಪು ಒಳ್ಳೆಯದೇ. ಆದರೆ ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬ ವಿವೇಕ ಬೇಕು. ರಾಯಣ್ಣನ ಗುಟ್ಟನ್ನು ಹೇಳಿದವರು ಬಲ್ಲಿದರಿಗೆ ಹೇಳಿದರು, ಬಡವರ ಬಂಟನ ವಿರುದ್ಧ ಹೇಳಿದರು, ಬಹುಮಾನದ ಆಸೆಗೆ ಹೇಳಿದರು. ಓದು ಬಾರದ ವಿಧವೆಯ ಹೊಲ ಹೋಗುತ್ತಿದೆ ಎಂದು ಕಾರ್ಡು ಬರೆದವನಿಗೆ ಯಾವ ಬಹುಮಾನವಿದೆ? ಅವನು ಬಲ್ಲಿದನ ವಿರುದ್ಧ, ಬಾಯಿಲ್ಲದವಳ ಪರವಾಗಿ ಮಾತಾಡುತ್ತಿದ್ದಾನೆ. ಒಂದು ದ್ರೋಹವಾದರೆ ಇನ್ನೊಂದು ಸಾಕ್ಷಿ. ಎರಡನ್ನೂ ಒಂದೇ ಮಾತಿನಿಂದ ಕರೆಯುವುದರಿಂದ ಲಾಭವಾಗುವುದು ಹೊಲ ನುಂಗುವವನಿಗೆ.

ಇನ್ನೊಂದು ಪಕ್ಷ

ಹಾಗೆಂದು ಸಹಿಯಿಲ್ಲದ ಕಾಗದವನ್ನೆಲ್ಲ ನಂಬಬೇಕೆಂದು ನಾವು ಹೇಳುವುದಿಲ್ಲ. ಇದರ ಅಪಾಯವನ್ನು ಕಿತ್ತೂರ ನಾಡಿಗಿಂತ ಚೆನ್ನಾಗಿ ಯಾರು ಬಲ್ಲರು? 1824ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕದ ಪ್ರಶ್ನೆ ಎದ್ದಿತು. ಧಾರವಾಡದ ಕಲೆಕ್ಟರ ಥ್ಯಾಕರೆ ದತ್ತಕವನ್ನು ಮಾನ್ಯ ಮಾಡಲಿಲ್ಲ. ದತ್ತಕದ ಕಾಗದದ ಮೇಲಿನ ದೇಸಾಯಿಯ ಸಹಿಯೇ ನಂಬತಕ್ಕದ್ದಲ್ಲ ಎಂದು ವಾದ ಹೂಡಿದ. ಮೇಲಿಂದ ಮೇಲೆ ನೋಡಿದರೆ ಇದೂ ವಾರಸಾ ಮೋಸದ ಫಿರ್ಯಾದಿಯೇ. ಆದರೆ ಫಿರ್ಯಾದಿ ಹೇಳಿದವರು ಯಾರು? ವಾರಸುದಾರನಿಲ್ಲ ಎಂದಾದರೆ ಸಂಸ್ಥಾನ ಯಾರ ಕೈಗೆ ಬೀಳುತ್ತಿತ್ತೋ ಅವರೇ. ದೂರುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಆಸ್ತಿ ಪಡೆಯುವವನೂ ಅವನೇ. ಆ ವರ್ಷ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಬಿದ್ದ. ಮುಂದೆ ಕಿತ್ತೂರೂ ಬಿದ್ದಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ ರಾಣಿ 1829ರಲ್ಲಿ ಅಲ್ಲಿಯೇ ತೀರಿಕೊಂಡಳು.

ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ. ವಾರಸಾ ಸುಳ್ಳು ಎಂದು ಹೇಳುವವನ ಬೆನ್ನಿಗೆ ಅವನದೇ ಸ್ವಾರ್ಥ ಇರಬಹುದು. ಹೆಸರು ಮುಚ್ಚಿಟ್ಟಾಗ ಆ ಸ್ವಾರ್ಥವೂ ಮುಚ್ಚಿಹೋಗುತ್ತದೆ. ಹಳೆಯ ದ್ವೇಷ ತೀರಿಸಿಕೊಳ್ಳಲು, ಪಂಚಾಯತಿ ಚುನಾವಣೆಯ ಸೇಡಿಗಾಗಿ, ಹೊಲವನ್ನು ತಾನೇ ಅಗ್ಗಕ್ಕೆ ಕೊಳ್ಳುವ ಆಸೆಗಾಗಿ ಮೂಗರ್ಜಿ ಬರೆಯುವವರೂ ಇದ್ದಾರೆ. ಸರಕಾರಿ ನೌಕರರ ಮೇಲೆ ಬರುತ್ತಿದ್ದ ಹೆಸರಿಲ್ಲದ ದೂರುಗಳು ಪ್ರಾಮಾಣಿಕರನ್ನು ಹಣ್ಣು ಮಾಡುವ ಸಾಧನವಾದವೆಂದು ಕೇಂದ್ರ ಜಾಗೃತ ಆಯೋಗ 1999ರಲ್ಲಿ ಅಂಥ ದೂರುಗಳ ಮೇಲೆ ಯಾವ ಕ್ರಮವನ್ನೂ ಕೈಕೊಳ್ಳಬಾರದೆಂದು ಆಜ್ಞೆ ಹೊರಡಿಸಿತು. ಆ ಆಜ್ಞೆಗೆ ಅದರದೇ ಆದ ನ್ಯಾಯವಿದೆ. ಆದರೆ ಒಬ್ಬ ಅಧಿಕಾರಿಯ ನಡತೆಯ ಮೇಲಿನ ಆರೋಪವೇ ಬೇರೆ, ಸತ್ತವನಿಗೆ ಇನ್ನೊಬ್ಬ ಮಗಳಿದ್ದಾಳೆ ಎಂಬ ಸಂಗತಿಯೇ ಬೇರೆ. ಆರೋಪವನ್ನು ತೂಗಲು ಹೇಳಿದವನು ಯಾರೆಂದು ತಿಳಿಯಬೇಕಾದೀತು. ಮಗಳು ಇದ್ದಾಳೋ ಇಲ್ಲವೋ ಎಂದು ತಿಳಿಯಲು ಹೇಳಿದವನ ಹೆಸರು ಬೇಕಾಗಿಲ್ಲ. ಶಾಲೆಯ ದಾಖಲೆ ನೋಡಿದರೆ ಸಾಕು, ರೇಶನ್ ಕಾರ್ಡು ನೋಡಿದರೆ ಸಾಕು.

ಕಾಯದೆಯಲ್ಲಿರುವ ದಾರಿ

ಈಗ ಕಾಯದೆಯ ಕಡೆಗೆ ಬರೋಣ. 1964ರ ಕರ್ನಾಟಕ ಭೂಕಂದಾಯ ಕಾಯದೆಯ 129ನೆಯ ಕಲಮನ್ನು ನಮ್ಮ ವಾಚಕರು ಒಮ್ಮೆ ಗಮನವಿಟ್ಟು ಓದಬೇಕು. ಹಕ್ಕು ಬದಲಾವಣೆಯ ನೋಂದು ಮಾಡಿದೊಡನೆ ಅದರ ಪೂರ್ತಿ ನಕಲನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ದಫ್ತರದಲ್ಲಿ ಹೆಸರಿದ್ದ ಸಂಬಂಧಪಟ್ಟವರಿಗೆಲ್ಲ ಲಿಖಿತ ತಿಳುವಳಿಕೆ ಕೊಡಬೇಕು. ಅಷ್ಟೇ ಅಲ್ಲ, ಈ ಹಕ್ಕಿನಲ್ಲಿ ಹಿತಸಂಬಂಧವಿದೆಯೆಂದು ನಂಬಲು ಅಧಿಕಾರಿಗೆ ಕಾರಣವಿರುವ ಬೇರೆ ಯಾರಿಗಾದರೂ ತಿಳುವಳಿಕೆ ಕೊಡಬೇಕು. ತಕರಾರನ್ನು ಬರೆದು ಕೊಟ್ಟರೂ ಆಯಿತು, ಬಾಯಿಮಾತಿನಲ್ಲಿ ಹೇಳಿದರೂ ಆಯಿತು. ಅದನ್ನು ತಕರಾರು ಪ್ರಕರಣಗಳ ಪುಸ್ತಕದಲ್ಲಿ ಬರೆದುಕೊಂಡು, ಹೇಳಿದವರಿಗೆ ಅಲ್ಲಿಯೇ ಲಿಖಿತ ಪೋಚಪಾವತಿ ಕೊಡಬೇಕು.

ನಂಬಲು ಕಾರಣವಿರುವ ಎಂಬ ಆ ಮಾತಿನಲ್ಲಿಯೇ ನಮಗೆ ದಾರಿಯಿದೆ. ಸಹಿಯಿಲ್ಲದ ಕಾರ್ಡು ತಕರಾರು ಆಗಲಾರದು, ಪುರಾವೆಯೂ ಆಗಲಾರದು. ಆದರೆ ನಂಬಲು ಕಾರಣ ಖಂಡಿತವಾಗಿ ಆಗಬಲ್ಲದು. ತೀರಿಕೊಂಡವನಿಗೆ ಇಂಥ ಹೆಸರಿನ ಮಗಳಿದ್ದಾಳೆ, ಅವಳನ್ನು ಇಂಥ ಊರಿಗೆ ಕೊಟ್ಟಿದೆ, ಅವಳು ಊರ ಶಾಲೆಯಲ್ಲಿ ಕಲಿತದ್ದರ ದಾಖಲೆ ಇದೆ ಎಂದು ಒಂದು ಕಾಗದ ಬಂದರೆ, ಆ ಮಗಳಿಗೆ ನೋಟೀಸು ಕೊಡುವುದು ಅಧಿಕಾರಿಯ ದಯೆಯ ಮಾತಾಗಿ ಉಳಿಯುವುದಿಲ್ಲ, ಕರ್ತವ್ಯವಾಗುತ್ತದೆ. ನೋಟೀಸು ತಲುಪಿದ ಮೇಲೆ ತಕರಾರು ಹೇಳುವವಳು ಅವಳು. ಸಹಿ ಅವಳದು, ಹಕ್ಕೂ ಅವಳದೇ. ಕಾರ್ಡು ಬರೆದ ನೆರೆಯವನ ಕೆಲಸ ಅಲ್ಲಿಗೆ ಮುಗಿಯಿತು. ಅವನ ಹೆಸರು ಯಾವ ದಫ್ತರಕ್ಕೂ ಬೇಡ.

ಆ ಮಗಳ ಹಕ್ಕು ಗಟ್ಟಿಯಾದದ್ದು. ತಂದೆಯ ಸ್ವಂತ ಆಸ್ತಿಯಲ್ಲಿ 1956ರ ಹಿಂದೂ ವಾರಸಾ ಕಾಯದೆಯಿಂದಲೇ ಮಗಳಿಗೂ ಮಗನಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲಿಯೇ ತಿದ್ದುಪಡಿ ಮಾಡಿತು. 2005ರ ಸಪ್ಟಂಬರ 9ರಿಂದ ಇಡೀ ದೇಶಕ್ಕೆ ಆ ಹಕ್ಕು ಬಂದಿತು. ತಂದೆ ಆ ದಿನ ಬದುಕಿರಲೇಬೇಕೆಂಬ ಕಟ್ಟಿಲ್ಲ ಎಂದು 2020ರ ಆಗಸ್ಟ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತ ಮಾಡಿತು. ಬಿಳಿ ಹಾಳೆಯ ಮೇಲಿನ ಹೆಬ್ಬೆಟ್ಟಿನಿಂದ ಹೊಲದ ಹಕ್ಕು ಹೋಗುವುದಿಲ್ಲ; ಹಕ್ಕು ಬಿಟ್ಟ ಪತ್ರ ನೋಂದಣಿಯಾಗಬೇಕು. ಉತಾರದಲ್ಲಿ ಅಣ್ಣನ ಹೆಸರು ಬಂದ ಮಾತ್ರಕ್ಕೆ ಅವನು ಮಾಲಕನಾಗುವುದಿಲ್ಲ. ಆದರೆ ಉತಾರ ತೋರಿಸಿ ಅವನು ಸಾಲ ತೆಗೆಯಬಲ್ಲ, ಹೊಲ ಮಾರಬಲ್ಲ. ಆದ್ದರಿಂದಲೇ ಮೊದಲ ನೋಂದಿನಲ್ಲಿಯೇ ತಡೆಯುವುದು ಜಾಣತನ. ತಡೆಯಲಾಗದೆ ಹೋದರೆ 136ನೆಯ ಕಲಮಿನ ಪ್ರಕಾರ ಪ್ರಾಂತಾಧಿಕಾರಿಯ ಮುಂದೆ ಅಪೀಲು, ಮುಂದೆ ಜಿಲ್ಲಾಧಿಕಾರಿಯವರೆಗೆ ಹೋಗುವ ಹಾದಿ ತೆರೆದಿದೆ. ಹೆಣ್ಣುಮಗಳಾದವಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯದೆಯ ಪ್ರಕಾರ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬೇಕು.

ಅವಳು ತವರಿನ ಬಾಗಿಲು ಮುಚ್ಚೀತೆಂದು, ಪಂಚಮಿಗೆ ಕರೆಯಲು ಅಣ್ಣ ಬರಲಾರನೆಂದು ಹಕ್ಕು ಬೇಡವೆನ್ನಬಹುದು. ಅದು ಅವಳ ಇಚ್ಛೆ. ತಿಳಿದು ಬಿಡುವುದಕ್ಕೂ ತಿಳಿಯದಂತೆ ಕಸಿದುಕೊಳ್ಳುವುದಕ್ಕೂ ಇರುವ ಅಂತರವನ್ನು ಉಳಿಸುವುದಷ್ಟೇ ನೆರೆಯವನ ಕೆಲಸ.

ಮೃತ್ಯುಪತ್ರದ ವಿಷಯದಲ್ಲಿಯೂ ಕಾಯದೆ ಸಂಶಯಕ್ಕೆ ಬೆಲೆ ಕೊಡುತ್ತದೆ. ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1958ರ ನವೆಂಬರದಲ್ಲಿ ಹೇಳಿದ ಮಾತು ಇಂದಿಗೂ ಕಟ್ಟಳೆಯಾಗಿ ನಿಂತಿದೆ. ಸಹಿ ನಡುಗಿದ್ದರೆ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತದ ಬಗ್ಗೆ ಶಂಕೆಯಿದ್ದರೆ, ಹಂಚಿಕೆ ಅಸಹಜವಾಗಿದ್ದರೆ, ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಆ ಸಂಶಯಗಳನ್ನೆಲ್ಲ ಕಳೆಯುವ ಭಾರ ಮೃತ್ಯುಪತ್ರವನ್ನು ಮುಂದೆ ತಂದವನ ಮೇಲೆಯೇ ಬೀಳುತ್ತದೆ. ಖೊಟ್ಟಿ ಕಾಗದದ ಅಪರಾಧವೂ ಸಣ್ಣದಲ್ಲ. ಮೃತ್ಯುಪತ್ರವನ್ನು, ದತ್ತಕದ ಅಧಿಕಾರಪತ್ರವನ್ನು ಖೊಟ್ಟಿಯಾಗಿ ಸೃಷ್ಟಿಸಿದವನಿಗೆ ಜೀವಾವಧಿ ಅಥವಾ ಹತ್ತು ವರ್ಷಗಳವರೆಗಿನ ಶಿಕ್ಷೆಯನ್ನು 1860ರ ದಂಡಸಂಹಿತೆಯ 467ನೆಯ ಕಲಮು ಹೆಸರಿಟ್ಟು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 338ನೆಯ ಕಲಮು ಅದನ್ನೇ ಹೇಳುತ್ತದೆ.

ಅರ್ಜಿ ಹೇಗಿರಬೇಕು

ಹೆಸರು ಬಿಟ್ಟ ಮಾತ್ರಕ್ಕೆ ಹೆಸರು ಅಡಗುವುದಿಲ್ಲ. ಕಾಗದದಲ್ಲಿಯ ಒಂದು ಮಾತು ಬರೆದವನನ್ನು ತೋರಿಸಿಕೊಡುತ್ತದೆ. ಆ ರಾತ್ರಿ ಹಿತ್ತಲ ಬಾಗಿಲಿನಿಂದ ಇಂಥವರು ಬಂದು ಹೆಬ್ಬೆಟ್ಟು ಒತ್ತಿಸಿದರು ಎಂದು ಬರೆದರೆ, ಆ ಹಿತ್ತಲಿಗೆ ಯಾರ ಕಿಡಕಿ ಎದುರಾಗಿದೆ ಎಂದು ಹುಡುಕಲು ಎಷ್ಟು ಹೊತ್ತು ಬೇಕು? ತನಗೊಬ್ಬನಿಗೇ ಗೊತ್ತಿರುವ ಸಂಗತಿಯನ್ನು ಬರೆಯದೆ, ಯಾರು ಬೇಕಾದರೂ ದಫ್ತರದಿಂದ ತೆಗೆದು ನೋಡಬಹುದಾದ ಸಂಗತಿಯನ್ನು ಬರೆಯಬೇಕು. ಸರ್ವೆ ನಂಬರು, ತೀರಿಕೊಂಡವರ ಹೆಸರು, ಬಿಟ್ಟುಹೋದ ವಾರಸುದಾರರ ಹೆಸರು, ಅದನ್ನು ತೋರಿಸುವ ದಾಖಲೆ ಯಾವ ಕಚೇರಿಯಲ್ಲಿದೆ ಎಂಬ ಗುರುತು, ಇಷ್ಟು ಸಾಕು. ಉತಾರ ಗುಟ್ಟಿನ ಕಾಗದವಲ್ಲ. ಸರ್ವೆ ನಂಬರು ಗೊತ್ತಿದ್ದವರು ಚಾವಡಿಗೆ ಹೋಗದೆಯೇ ಭೂಮಿ ಜಾಲತಾಣದಲ್ಲಿ ಅದನ್ನು ನೋಡಬಹುದು. ಬರೆದವನ ಬದಲು ದಫ್ತರವೇ ಮಾತಾಡುವಂತೆ ಅರ್ಜಿ ಇರಬೇಕು.

ಬೈಗಳು ಬೇಡ, ವಿಶೇಷಣಗಳು ಬೇಡ. ಮೋಸಗಾರ, ಕಳ್ಳ ಎಂದು ಬರೆಯದೆ, ಸಂಶಯವಿದೆ, ವಿಚಾರಿಸಿರಿ ಎಂದು ಬರೆಯಬೇಕು. ಸುಳ್ಳೆಂದು ತಿಳಿದೂ ಅಧಿಕಾರಿಗೆ ಸುದ್ದಿ ಕೊಡುವುದು ಅಪರಾಧ. ಶುದ್ಧ ಮನಸ್ಸಿನಿಂದ ಅಧಿಕಾರವುಳ್ಳವರ ಮುಂದೆ ಸಂಶಯ ಹೇಳುವುದು ಮಾನಹಾನಿಯಾಗುವುದಿಲ್ಲ. ಇನ್ನೊಬ್ಬನ ಹೆಸರಿನಲ್ಲಿ ಸಹಿ ಹಾಕುವುದಂತೂ ಕೂಡದು. ಖೊಟ್ಟಿ ಸಹಿಯನ್ನು ದೂರಲು ಹೊರಟವನು ತಾನೇ ಖೊಟ್ಟಿ ಸಹಿ ಹಾಕಿದರೆ ಅವನ ಮಾತಿಗೆ ಏನು ಬೆಲೆ? ಊರಿನವರ ಕೈಯಿಂದ ಬರೆಸಬಾರದು. ಊರಿನ ಡಬ್ಬಿಗೆ ಹಾಕಬಾರದು. ವಾಟ್ಸಪ್ಪಿನಲ್ಲಿ ಕಳಿಸಿದ ಚಿತ್ರ ಹೊತ್ತು ಮುಳುಗುವುದರೊಳಗೆ ಊರೆಲ್ಲ ತಿರುಗುತ್ತದೆ. ಕಳಿಸಿದವನ ನಂಬರೂ ಅದರ ಬೆನ್ನಿಗೇ ತಿರುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಲ ಕಳೆದುಕೊಳ್ಳುತ್ತಿರುವವಳಿಗೆ ಮೊದಲು ಸುದ್ದಿ ಮುಟ್ಟಿಸಬೇಕು. ಸಂತೆಯಲ್ಲಿ ಸಿಕ್ಕಾಗ ಹೇಳಿದ ಒಂದು ಮಾತು ತಹಶೀಲದಾರರಿಗೆ ಬರೆದ ಹತ್ತು ಅರ್ಜಿಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಹೆಸರು ಕೊಟ್ಟು ಗುಟ್ಟಾಗಿಡಿರಿ ಎಂದು ಕೇಳುವ ಹಾದಿಯೂ ಇದೆ. ಅಪರಾಧದ ಸುದ್ದಿ ಯಾರಿಂದ ಬಂತೆಂದು ಹೇಳುವಂತೆ ಪೋಲೀಸ ಅಧಿಕಾರಿಯನ್ನು ಕೋರ್ಟು ಕೂಡ ಒತ್ತಾಯಿಸುವಂತಿಲ್ಲ. ಈ ರಕ್ಷಣೆ 1872ರ ಸಾಕ್ಷ್ಯ ಕಾಯದೆಯಲ್ಲಿತ್ತು, 2023ರ ಹೊಸ ಕಾಯದೆಯಲ್ಲಿಯೂ ಉಳಿದಿದೆ. ಜೀವಕ್ಕೆ ಅಪಾಯ ತರುವ, ಗುಟ್ಟಿನಲ್ಲಿ ಸುದ್ದಿ ಕೊಟ್ಟವರ ಗುರುತು ಹೇಳುವ ಮಾಹಿತಿಯನ್ನು 2005ರ ಮಾಹಿತಿ ಹಕ್ಕಿನ ಕಾಯದೆಯ ಕೆಳಗೂ ಕೊಡಬೇಕಾಗಿಲ್ಲ. ಇವು ಪುಸ್ತಕದಲ್ಲಿಯ ಮಾತುಗಳು. ಕಚೇರಿಯ ಜವಾನನಿಂದ ಹಿಡಿದು ಕಾರಕೂನನವರೆಗೆ ಯಾರಾದರೊಬ್ಬರು ಎದುರುಪಕ್ಷದ ಬೀಗರಾಗಿದ್ದರೆ ಈ ರಕ್ಷಣೆ ಚಹಾದಂಗಡಿಯವರೆಗೂ ಬಾಳುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಒಂದು ಹೆಸರು, ಹತ್ತು ಹೆಸರು

ಇಲ್ಲಿ ನಮ್ಮ ಮುಖ್ಯ ಮಾತು ಬರುತ್ತದೆ. ಹಳ್ಳಿಯಲ್ಲಿ ಒಬ್ಬನ ಹೆಸರನ್ನು ಅಡಗಿಸಲು ಕತ್ತಲೆ ಸಾಲದು, ಗುಂಪು ಬೇಕು. ಒಬ್ಬ ನೆರೆಯವ ಸಂಶಯ ಹೇಳಿದರೆ ಅವನು ಚಾಡಿಕೋರನಾಗುತ್ತಾನೆ, ಅವನ ಗಾಡಿದಾರಿಗೆ ಮುಳ್ಳು ಬೀಳುತ್ತದೆ. ಅದೇ ಮಾತನ್ನು ಓಣಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘ, ರೈತ ಸಂಘ, ಕೂಲಿಕಾರರ ಸಂಘ ತನ್ನ ಹೆಸರಿನಲ್ಲಿ ಬರೆದರೆ ಯಾರ ದಾರಿಗೆ ಮುಳ್ಳು ಹಾಕುವುದು? ಸುದ್ದಿ ತಂದವನು ಒಬ್ಬ, ಸಹಿ ಹಾಕಿದವರು ಹತ್ತು ಜನ. ಆ ಹತ್ತರಲ್ಲಿ ಸುದ್ದಿ ತಂದವನು ಇರಲೂಬಹುದು, ಇಲ್ಲದಿರಲೂಬಹುದು. ಒಬ್ಬನ ಮೇಲೆ ಬಿದ್ದರೆ ಬೆನ್ನು ಮುರಿಯುವ ಭಾರವನ್ನು ಹತ್ತು ಜನ ಹಂಚಿಕೊಂಡರೆ ಮುಂಡಾಸಿನ ಭಾರವಾಗುತ್ತದೆ. ಸಂಘಗಳು ಇರುವುದು ಸಾಲ ಹಂಚುವುದಕ್ಕೆ, ಮೆರವಣಿಗೆ ತೆಗೆಯುವುದಕ್ಕೆ ಮಾತ್ರವಲ್ಲ, ಬಡವನ ಬದಲು ಸಹಿ ಹಾಕುವುದಕ್ಕೂ ಇರಬೇಕು.

ಸಂಘ ಸಹಿ ಹಾಕುವುದರಿಂದ ಇನ್ನೊಂದು ಲಾಭವೂ ಇದೆ. ದ್ವೇಷದ ಸುದ್ದಿಯನ್ನು ಹತ್ತು ಜನ ಕೂಡಿ ಕೇಳಿದಾಗ ಅದು ಅಲ್ಲಿಯೇ ಜರಡಿಯಲ್ಲಿ ನಿಲ್ಲುತ್ತದೆ. ಹೇಳಿದವನ ಸ್ವಾರ್ಥವನ್ನು ದೂರದ ಅಧಿಕಾರಿ ಕಾಣಲಾರ, ಓಣಿಯವರು ಕಾಣಬಲ್ಲರು. ಹೀಗೆ ಬಡ ಸಾಕ್ಷಿಗೂ ರಕ್ಷಣೆ ಸಿಗುತ್ತದೆ, ಸುಳ್ಳು ಮೂಗರ್ಜಿಯ ಅಂಜಿಕೆಗೂ ಮದ್ದು ಸಿಗುತ್ತದೆ.

ಸರಕಾರದ ಹೊಣೆ

ಇಷ್ಟು ಹೇಳಿದ ಮೇಲೆ ಎಲ್ಲವನ್ನೂ ಜನರ ತಲೆಗೆ ಕಟ್ಟಿ ಸರಕಾರ ಕೈತೊಳೆದುಕೊಳ್ಳಲು ಬಿಡಬಾರದು. 2003ರ ನವೆಂಬರದಲ್ಲಿ ಬಿಹಾರದ ಗಯಾದಲ್ಲಿ ಸತ್ಯೇಂದ್ರ ದುಬೆ ಎಂಬ ಇಂಜಿನಿಯರನ ಕೊಲೆಯಾಯಿತು. ಹೆದ್ದಾರಿಯ ಕೆಲಸದಲ್ಲಿಯ ಭ್ರಷ್ಟಾಚಾರವನ್ನು ಅವನು ಪ್ರಧಾನಿಯ ಕಚೇರಿಗೆ ಬರೆದು, ತನ್ನ ಹೆಸರನ್ನು ಗುಟ್ಟಾಗಿಡಲು ಬೇಡಿಕೊಂಡಿದ್ದ. ಹೆಸರು ಗುಟ್ಟಾಗಿ ಉಳಿಯಲಿಲ್ಲ. ದೇಶವೆಲ್ಲ ಗದ್ದಲವೆದ್ದ ಮೇಲೆ 2004ರಲ್ಲಿ ಸುದ್ದಿಗಾರರ ರಕ್ಷಣೆಗೆ ಒಂದು ಠರಾವು ಬಂತು. ಅದು ಕೇಂದ್ರದ ಕಚೇರಿಗಳಿಗಷ್ಟೇ ಅನ್ವಯಿಸುತ್ತದೆ. 2014ರಲ್ಲಿ ಪಾರ್ಲಿಮೆಂಟು ಕಾಯದೆಯನ್ನೇ ಮಾಡಿತು. ಅದನ್ನು ಜಾರಿಗೆ ತರುವ ಕೆಲಸ ಇಷ್ಟು ವರ್ಷಗಳಾದರೂ ಆಗಿಲ್ಲ. ಅಂಥ ಇಂಜಿನಿಯರನಿಗೇ ಈ ಗತಿಯಾದರೆ ದೊಡವಾಡದ ಕೂಲಿಕಾರನಿಗೆ ಯಾರು ದಿಕ್ಕು?

ನಾವು ಕೇಳುವುದು ದೊಡ್ಡದೇನೂ ಅಲ್ಲ. ವಾರಸಾ ಹಚ್ಚಲು ಬಂದ ಪ್ರತಿಯೊಂದು ವಂಶಾವಳಿಯನ್ನು ಚಾವಡಿಯಲ್ಲಿಯೂ ಪಂಚಾಯತಿಯ ಹಲಗೆಯ ಮೇಲೂ ಹಚ್ಚಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಗೋಡೆಗೆ ಹಚ್ಚಿದ ಕಾಗದ ಓದು ಬಾರದವಳಿಗೆ ಸುದ್ದಿಯಲ್ಲ. ಕೂಗಿ ಹೇಳಿದ್ದು ಸುದ್ದಿ. ಹೆಣ್ಣುಮಕ್ಕಳು ಇಲ್ಲವೆಂದು ಬರೆದಲ್ಲಿ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಜನರ ಬಾಯಲ್ಲಿ ಇನ್ನೂ ತಲಾಟಿಯಾಗಿರುವವರು, ರೇಶನ್ ಕಾರ್ಡು, ಶಾಲೆಯ ದಾಖಲೆ, ಮತದಾರರ ಯಾದಿ ನೋಡಿದ್ದೇನೆಂದು ತಮ್ಮ ಸಹಿಯಿಂದ ಬರೆಯಬೇಕು. ಸಹಿಯಿಲ್ಲದ ಕಾಗದದಲ್ಲಿ ತಾಳೆ ನೋಡಬಹುದಾದ ಸಂಗತಿ ಇದ್ದರೆ ಅದನ್ನು ತಾಳೆ ನೋಡಲೇಬೇಕು; ಆ ಕಾಗದವನ್ನು ಎದುರುಪಕ್ಷಕ್ಕೆ ತೋರಿಸಕೂಡದು. ಹೆಸರು ಬಯಲು ಮಾಡಿದ ನೌಕರನ ಮೇಲೆ ಕ್ರಮವಾಗಬೇಕು. ಸುಳ್ಳೆಂದು ತಿಳಿದೂ ವಂಶಾವಳಿಗೆ ಸಹಿ ಹಾಕಿದ ಪಂಚರು ಸಹ ಅಪರಾಧಿಗಳೆಂದು ಒಂದೆರಡು ಸಲವಾದರೂ ಖಟ್ಲೆ ಹೂಡಿ ತೋರಿಸಬೇಕು. ಸುಳ್ಳಿಗೆ ಸಹಿ ಹಾಕುವುದು ಸುರಕ್ಷಿತ, ನಿಜಕ್ಕೆ ಸಹಿ ಹಾಕುವುದು ಅಪಾಯ ಎಂಬ ಸ್ಥಿತಿ ಇರುವವರೆಗೆ ಯಾವ ಆಂದೋಲನದಿಂದಲೂ ದಫ್ತರ ಶುದ್ಧವಾಗದು.

ವಾಚಕರಲ್ಲಿ ಕೆಲವರಿಗಾದರೂ ತಮ್ಮ ಓಣಿಯ ಒಂದು ಹೊಲ ಈಗ ನೆನಪಾಗಿರಬಹುದು. ಬಿಟ್ಟುಹೋದ ಒಂದು ಹೆಸರೂ ನೆನಪಾಗಿರಬಹುದು. ಅವರಿಗೆ ವೀರರಾಗಿರಿ ಎಂದು ನಾವು ಹೇಳುವುದಿಲ್ಲ. ಇಬ್ಬರೊಡನೆ ಮಾತಾಡಿರಿ, ಇಬ್ಬರು ಹತ್ತಾಗಲಿ. ಹತ್ತಾಗದಿದ್ದರೆ ದಫ್ತರದ ಗುರುತು ಕೊಟ್ಟು ಒಂದು ಕಾರ್ಡು ಬರೆಯಿರಿ, ಹೆಸರು ಬೇಡ. ಅದೂ ಆಗದಿದ್ದರೆ ಆ ಹೆಣ್ಣುಮಗಳಿಗೆ, ಅವ್ವಾ, ನಿನ್ನ ತಂದೆಯ ಹೊಲಕ್ಕೆ ವಾರಸಾ ಆಗಲಿಕ್ಕೆ ಹತ್ತಿದೆ, ಒಮ್ಮೆ ಚಾವಡಿಗೆ ಹೋಗಿ ಕೇಳು, ಎಂದಷ್ಟೇ ಹೇಳಿರಿ. ಅಷ್ಟಕ್ಕೆ ಯಾವ ಕಾಯದೆಯೂ ನಿಮ್ಮ ಸಹಿಯನ್ನು ಕೇಳುವುದಿಲ್ಲ.